ನಮ್ಮಲ್ಲಿ ಯಾರು ನಿಲ್ಲುವುದು?

(ಮಹಿಳಾ ಸ್ವಸಹಾಯ ಸಂಘಗಳ ವಲಯ ಸಭೆಯಲ್ಲಿ ನೀಡಿದ ಭಾಷಣ)



ಗ್ರಾಮ ಪಂಚಾಯತ್ ಚುನಾವಣೆ ಎಂದ ಕೂಡಲೇ ನಮ್ಮ ಸಂಘಗಳಲ್ಲಿ ಎರಡು ಮಾತು ಕೇಳಿಬರುತ್ತದೆ. ಒಂದು, "ನಮಗೆ ಈ ರಾಜಕೀಯ ಎಲ್ಲ ಬೇಡಪ್ಪ." ಇನ್ನೊಂದು, "ನಿಲ್ಲಲಿಕ್ಕೆ ನಮ್ಮಲ್ಲಿ ಯಾರಿದ್ದಾರೆ?" ಮೊದಲನೆಯದಕ್ಕೆ ನಾನು ಹೆಚ್ಚು ಉತ್ತರ ಕೊಡುವುದಿಲ್ಲ. ಕುಡಿಯುವ ನೀರು, ಬೀದಿ ದೀಪ, ಮನೆ ಮಂಜೂರಾತಿಯ ಪಟ್ಟಿ ಎಲ್ಲದಕ್ಕೂ ನಾವು ಪಂಚಾಯತ್ ಬಾಗಿಲಿಗೇ ಹೋಗುವವರು. ಎರಡನೆಯದು ನಿಜವಾದ ಪ್ರಶ್ನೆ. ಇವತ್ತು ಅದನ್ನೇ ಮಾತಾಡುವ.

ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಹೆಸರು ಕೆಲವರಾದರೂ ಕೇಳಿರಬಹುದು. 1926ರಲ್ಲಿ ಅವರು ಮದ್ರಾಸ್ ಪ್ರಾಂತ್ಯದ ಶಾಸನ ಸಭೆಗೆ ನಿಂತರು. ಆಗ ಅವರಿಗೆ 23 ವರ್ಷ. ನಮ್ಮ ದೇಶದಲ್ಲಿ ಶಾಸನ ಸಭೆಗೆ ನಿಂತ ಮೊದಲ ಮಹಿಳೆಯರಲ್ಲಿ ಅವರೊಬ್ಬರು. ಹೆಂಗಸರ ಮತದಾನದ ಹಕ್ಕಿಗಾಗಿ ದುಡಿಯುತ್ತಿದ್ದ ಮಾರ್ಗರೆಟ್ ಕಸಿನ್ಸ್ ಎಂಬ ಐರಿಷ್ ಮಹಿಳೆ ಅವರನ್ನು ಹುರಿದುಂಬಿಸಿದ್ದರು. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ. ತೀರಾ ಕಡಿಮೆ ಮತಗಳ ಅಂತರದಲ್ಲಿ ಸೋತರು. ಸೋತದ್ದು ದೊಡ್ಡದಲ್ಲ, "ನೀನು ನಿಲ್ಲು" ಎಂದು ಹೇಳಲಿಕ್ಕೆ ಅವರಿಗೆ ಒಬ್ಬಳು ಗೆಳತಿ ಇದ್ದಳು ನೋಡಿ, ಅದನ್ನು ಗಮನಿಸಿ. ಗಂಡಸರು ತಾವಾಗಿಯೇ ನಾಮಪತ್ರ ಹಾಕುತ್ತಾರೆ. ನಮ್ಮಲ್ಲಿ ಹೆಚ್ಚಿನವರಿಗೆ ಯಾರಾದರೂ ಬಂದು ಕೇಳಬೇಕು. ಮೊದಲ ಸಲ ಕೇಳಿದಾಗ "ಅಯ್ಯೋ, ನನ್ನಿಂದ ಆಗಲಿಕ್ಕಿಲ್ಲ" ಎನ್ನುತ್ತಾರೆ. ಅದು ಕೊನೆಯ ಉತ್ತರ ಎಂದು ತಿಳಿಯಬೇಡಿ, ಮೂರು ಸಲ ಕೇಳಿ.

ಕಾನೂನು ನಮ್ಮ ಕಡೆಗೆ ಬಂದು ತುಂಬಾ ವರ್ಷವಾಯಿತು. 1987ರಲ್ಲಿ ಮಂಡಲ ಪಂಚಾಯತ್ ಚುನಾವಣೆ ನಡೆದಾಗಲೇ, ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದ ಕಾಲದಲ್ಲಿ, ಕರ್ನಾಟಕದಲ್ಲಿ ಶೇ. 25 ಸ್ಥಾನ ಹೆಂಗಸರಿಗಿತ್ತು. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಯಾಗಿ ಇಡೀ ದೇಶದಲ್ಲಿ ಮೂರನೇ ಒಂದು ಪಾಲು ಆಯಿತು. 2010ರಲ್ಲಿ ನಮ್ಮ ರಾಜ್ಯ ಅದನ್ನು ಅರ್ಧಕ್ಕೆ ಏರಿಸಿತು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ - ಈ ಮೀಸಲು ಸ್ಥಾನಗಳ ಒಳಗೂ ಹೆಂಗಸರಿಗೆ ಪಾಲಿದೆ.

ಆದರೆ ಇಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಮೀಸಲಾತಿ ಸರದಿಯಲ್ಲಿ ಬದಲಾಗುತ್ತದೆ. ಈ ಸಲ ಮಹಿಳೆಗೆ ಇದ್ದ ಸ್ಥಾನ ಮುಂದಿನ ಸಲ ಸಾಮಾನ್ಯ ಆಗಬಹುದು. ಆಗ ಊರಿನವರು, "ಇನ್ನು ನಿಮ್ಮ ಸರದಿ ಮುಗಿಯಿತು ಅಕ್ಕ" ಎಂದು ಬಿಡುತ್ತಾರೆ. ಐದು ವರ್ಷ ದುಡಿದು ಕಚೇರಿ ಕೆಲಸ ಎಲ್ಲ ಕಲಿತ ಸದಸ್ಯೆ, ಕೈ ಕುದುರುವ ಹೊತ್ತಿಗೆ ಮನೆಗೆ ಹೋಗುತ್ತಾಳೆ. ಹಾಗೆಂದು ಯಾವ ಕಾನೂನೂ ಹೇಳಿಲ್ಲ. ಸಾಮಾನ್ಯ ಸ್ಥಾನ ಗಂಡಸರ ಸ್ಥಾನವಲ್ಲ, ಅಲ್ಲಿ ಯಾರೂ ನಿಲ್ಲಬಹುದು. ನನಗೆ ಕೇಳಿದರೆ, ಹೊಸಬರನ್ನು ಹುಡುಕುವ ಮೊದಲು ಹಳೆಯ ಸದಸ್ಯೆಯ ಮನೆಗೆ ಹೋಗಿ. ಅವಳು ಸಾಮಾನ್ಯ ಸ್ಥಾನದಲ್ಲಿ ನಿಂತರೆ ಮೀಸಲು ಸ್ಥಾನದಲ್ಲಿ ಇನ್ನೊಬ್ಬಳಿಗೆ ಜಾಗ.

ಆ ಇನ್ನೊಬ್ಬಳು ಯಾರು? ಚೆನ್ನಾಗಿ ಮಾತಾಡುವವಳನ್ನು, ಮನೆಯಲ್ಲಿ ಅನುಕೂಲ ಇರುವವಳನ್ನು ನಾವು ಸುಲಭವಾಗಿ ಆರಿಸುತ್ತೇವೆ. ಸಂಘದಲ್ಲಿ ಹಿಂದಿನ ಸಾಲಿನಲ್ಲಿ ಕೂರುವವರು ಯಾರು ಎಂದು ಒಮ್ಮೆ ತಿರುಗಿ ನೋಡಿ. ಕೊರಗ ಕಾಲನಿಯ ಹುಡುಗಿ, ಬೀಡಿ ಕಟ್ಟಿ ಸಂಸಾರ ನಡೆಸುವ ವಿಧವೆ, ಬುರ್ಖಾ ಹಾಕಿ ಬರುವ ತಂಗಿ, ಕಾಲಿಗೆ ಶಕ್ತಿ ಇಲ್ಲದಿದ್ದರೂ ಲೆಕ್ಕ ತಪ್ಪದ ಅಕ್ಕ. ಕಾಲನಿಗೆ ನೀರು ಬಾರದೆ ಎಷ್ಟು ದಿನ ಆಯಿತು ಎಂದು ಕಾಲನಿಯವಳಿಗೇ ಗೊತ್ತು. ನಮ್ಮ ರಾಜ್ಯದಲ್ಲಿ ನಿಲ್ಲಲಿಕ್ಕೆ ಇಷ್ಟೇ ಕ್ಲಾಸು ಓದಿರಬೇಕು ಎಂಬ ಷರತ್ತು ಇಲ್ಲ. 21 ವರ್ಷ ತುಂಬಿರಬೇಕು, ಆ ಪಂಚಾಯತಿನ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ವಾರದ ಉಳಿತಾಯ, ನಿರ್ಣಯ ಪುಸ್ತಕ, ಸಾಲ ಕೊಟ್ಟು ವಸೂಲು ಮಾಡುವುದು, ಜಗಳ ಬಿಡಿಸುವುದು - ಇದನ್ನೆಲ್ಲ ವರ್ಷಗಟ್ಟಲೆ ಮಾಡಿದವಳಿಗೆ ಪಂಚಾಯತ್ ಸಭೆಯ ನಡಾವಳಿ ಓದಿಸಿಕೊಂಡು ಅರ್ಥ ಮಾಡುವುದು ಕಷ್ಟವಲ್ಲ.

ಹೆದರಿಕೆ ಇರುವುದು ದುಡ್ಡಿನದ್ದು. 2020ರ ಚುನಾವಣೆಯಲ್ಲಿ ಹೆಂಗಸರಿಗೆ ಠೇವಣಿ ಇದ್ದದ್ದು 100 ರೂಪಾಯಿ. ಗ್ರಾಮ ಪಂಚಾಯತ್‌ಗೆ ಪಕ್ಷದ ಚಿಹ್ನೆಯೂ ಇಲ್ಲ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರು. ಅವರಲ್ಲಿ ಮತದಾರರು ಇನ್ನೂ ಕಡಿಮೆ. ನಾಲ್ಕು ಸಂಜೆ ನಡೆದರೆ ಎಲ್ಲ ಮನೆಗೂ ಹೋಗಿ ಬರಬಹುದು. ಕೆಲವು ವಾರ್ಡಿನಲ್ಲಿ ಎರಡು ಮೂರು ಸ್ಥಾನ ಇರುತ್ತದೆ, ಅಷ್ಟೇ ಮತ ಹಾಕಬಹುದು. "ನಿಮ್ಮ ಮೂರರಲ್ಲಿ ಒಂದು ನನಗೆ ಕೊಡಿ" ಎಂದು ಕೇಳುವುದಕ್ಕೆ ಯಾರ ಎದುರೂ ಮುಜುಗರ ಬೇಡ. ಅದೇ 2020ರಲ್ಲಿ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನವನ್ನು ಹರಾಜು ಹಾಕಿದ ಸುದ್ದಿ ಬಂತು. ದೇವಸ್ಥಾನಕ್ಕೆ, ಊರಿನ ಅಭಿವೃದ್ಧಿಗೆ ಎಂದು ಹೇಳಿದರೂ ಅದು ಅಪರಾಧ. ಹಾಗೆ ಹರಾಜಾದರೆ ಬಡವರ ಮನೆ ಹೆಂಗಸು ಎಂದಿಗೂ ಒಳಗೆ ಬರುವುದಿಲ್ಲ.

ಸಂಘದ ಉಳಿತಾಯದ ಹಣ ಮಾತ್ರ ಚುನಾವಣೆಗೆ ಮುಟ್ಟಬೇಡಿ. ಅದು ಎಲ್ಲರ ಹಣ, ಸಂಘದಲ್ಲಿ ಬೇರೆಯವರಿಗೆ ಮತ ಹಾಕುವವರೂ ಇದ್ದಾರೆ. ಕೈ ಸಹಾಯ ಮಾಡಿ. ಜಾತಿ ಪ್ರಮಾಣಪತ್ರ ಬೇಕಾದವಳ ಜೊತೆ ನಾಡಕಚೇರಿಗೆ ಹೋಗಿ, ಚುನಾವಣೆ ಘೋಷಣೆ ಆದ ಮೇಲೆ ಓಡಿದರೆ ಸಿಗುವುದಿಲ್ಲ. ಮತದಾರರ ಪಟ್ಟಿಯ ಹೆಸರು, ಗಂಡನ ಹೆಸರಿನ ಅಕ್ಷರ ಈಗಲೇ ನೋಡಿಟ್ಟುಕೊಳ್ಳಿ. ಪ್ರಚಾರಕ್ಕೆ ಹೋದ ದಿನ ಅವಳ ಮನೆಯ ಗಂಜಿ, ಹಟ್ಟಿಯ ದನ, ಮಗುವಿನ ಶಾಲೆ ಯಾರು ನೋಡುವುದು? ಅದನ್ನು ನಾವು ಹಂಚಿಕೊಳ್ಳಬಹುದಲ್ಲ. ಗಂಡನಿಗೂ ಅತ್ತೆಗೂ ಮಾತಾಡಲಿಕ್ಕೆ ಸಂಘದ ಹಿರಿಯರು ಇಬ್ಬರು ಹೋಗಿ. ಅವಳೊಬ್ಬಳೇ ಹೇಳಿದರೆ ಜಗಳ ಆಗುತ್ತದೆ, ನಾವು ಹೋದರೆ ಕಾಫಿ ಕೊಟ್ಟು ಕೇಳುತ್ತಾರೆ.

ಗೆದ್ದ ಮೇಲೆ ಬಿಟ್ಟು ಬಿಡುವುದೇ ನಮ್ಮ ದೊಡ್ಡ ಕೊರತೆ. ಹಾರ ಹಾಕಿ ಬರುತ್ತೇವೆ, ಮತ್ತೆ ಅವಳು ಅಲ್ಲಿ ಒಬ್ಬಳೇ. ಆಗ ಗಂಡ ಬಂದು ಕುರ್ಚಿಯಲ್ಲಿ ಕೂರುತ್ತಾನೆ. ಸದಸ್ಯೆಯ ಬದಲು ಗಂಡ, ಮಗ, ಮೈದುನ ಸಭೆಯಲ್ಲಿ ಕೂರಲಿಕ್ಕೆ ಕಾನೂನಿನಲ್ಲಿ ಅವಕಾಶ ಇಲ್ಲ. ಅಧ್ಯಕ್ಷೆಯಾದರೆ ಹಣ ಪಾವತಿಗೆ ಅವಳ ಡಿಜಿಟಲ್ ಸಹಿ ಬೇಕು. ಆ ಸಣ್ಣ ಡೋಂಗಲ್ ಅವಳ ಕೈಚೀಲದಲ್ಲೇ ಇರಲಿ. ಕಚೇರಿಯಲ್ಲಿ ಇಟ್ಟು ಬರುವುದು, ಬೇರೆಯವರಿಗೆ ಕೊಡುವುದು ಬೇಡ, ನಾಳೆ ತನಿಖೆ ಬಂದರೆ ಉತ್ತರ ಹೇಳಬೇಕಾದವಳು ಅವಳು. ಸಭೆಯ ಹಿಂದಿನ ದಿನ ನೋಟಿಸನ್ನು ಸಂಘದಲ್ಲಿ ಒಟ್ಟಿಗೆ ಓದಿ. ಗ್ರಾಮ ಸಭೆಗೆ ಹತ್ತು ಜನ ಅವಳ ಜೊತೆ ಹೋಗಿ ಕೂತರೆ, ಅವಳು ಎದ್ದು ನಿಂತಾಗ "ಕೂತುಕೊಳ್ಳಮ್ಮ" ಎನ್ನುವ ಧೈರ್ಯ ಯಾರಿಗೂ ಬಾರದು.

ವಿಧಾನ ಸಭೆಯ ಮಾತು ಕೇಳುತ್ತೀರಾ? 2023ರಲ್ಲಿ ಗೆದ್ದ 224 ಮಂದಿಯಲ್ಲಿ ಹೆಂಗಸರು 10. ಅಲ್ಲಿ ಟಿಕೆಟ್ ಕೊಡುವುದು ಪಕ್ಷಗಳು, ಕೊಡಲಿಕ್ಕೆ ಅವರಿಗೆ ಮನಸ್ಸಿಲ್ಲ. ಅದೇ ವರ್ಷ ಸಂಸತ್ತು ಮೂರನೇ ಒಂದು ಪಾಲಿನ 106ನೇ ತಿದ್ದುಪಡಿಯನ್ನು ಒಪ್ಪಿತು. ಜನಗಣತಿ, ಕ್ಷೇತ್ರ ವಿಂಗಡಣೆ ಆದ ಮೇಲೆ ಎಂದು ಅದರಲ್ಲೇ ಬರೆದಿದ್ದಾರೆ. ಪಂಚಾಯತ್‌ಗೆ ಹಾಗೆ ಕಾಯಬೇಕಾಗಿಲ್ಲ.

ಈಗ ಪ್ರತಿ ಸಂಘದವರೂ ನಿಮ್ಮ ಪುಸ್ತಕದಲ್ಲಿ ಮೂವರ ಹೆಸರು ಬರೆಯಿರಿ. ಒಂದು ಹೆಸರಾದರೂ ಈತನಕ ಸಂಘದ ಪ್ರತಿನಿಧಿ ಆಗದವಳದ್ದು ಇರಲಿ. ಅವಳನ್ನು ಕೇಳಲಿಕ್ಕೆ ಯಾರು ಹೋಗುವುದು, ಯಾವ ದಿನ, ಅದನ್ನೂ ಪಕ್ಕದಲ್ಲಿ ಬರೆಯಿರಿ. ಊಟ ಆದ ಮೇಲೆ ನಾಮಪತ್ರದ ಮಾದರಿ ಕೊಡುತ್ತೇವೆ, ಪೆನ್ನು ತೆಗೆದುಕೊಂಡು ತುಂಬಿಸಿ ನೋಡುವ. ಅಕ್ಷರ ಸಣ್ಣದಿದೆ, ಕನ್ನಡಕ ತಂದವರು ಹತ್ತಿರ ಇಟ್ಟುಕೊಳ್ಳಿ.