ರೋಗ ಕಾರ್ಡು ಕೇಳುವುದಿಲ್ಲ



ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ, ಯಾವ ತಾಲೂಕು ದವಾಖಾನೆಯ ಪಾಳಿಯಲ್ಲಿ ನಿಂತರೂ ನಮ್ಮ ರೋಗಿಗಳ ವಾದ ಒಂದೇ: ಸರಕಾರದ ಯೋಜನೆ ಯಾರಿಗೆ, ಎಷ್ಟು?

ಗಿರಣಿಯ ಕಾರ್ಮಿಕ 1948ರ ಕಾಯಿದೆಯಿಂದ ಬಂದ ಇ.ಎಸ್.ಐ. ತೋರಿಸುತ್ತಾನೆ. ಸಹಕಾರಿ ಸಂಘದ ರೈತ, 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಘೋಷಣೆಯಾದ ಯಶಸ್ವಿನಿಯ ಮಾತೆತ್ತುತ್ತಾನೆ. ಕಿರಾಣಿ ಅಂಗಡಿಯವ ಸುಮ್ಮನಿರುತ್ತಾನೆ.

ಏಕೆ? 2018ರ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ. ಎ.ಪಿ.ಎಲ್. ಕುಟುಂಬಕ್ಕೆ ಗೊತ್ತುಪಡಿಸಿದ ದರದಲ್ಲಿ ನೂರಕ್ಕೆ 30 ಮಾತ್ರ. ಅದೂ ವರ್ಷಕ್ಕೆ 1.5 ಲಕ್ಷದವರೆಗೆ. ಉಳಿದ 70 ಎಲ್ಲಿಂದ ತರಬೇಕು? ಅಂಗಡಿಯ ಬಂಡವಾಳ ಮುರಿಯಬೇಕು, ಇಲ್ಲವೇ ಸಾಲ ಎತ್ತಬೇಕು. ಆಪರೇಶನ್ ಮುಗಿಯುವಷ್ಟರಲ್ಲಿ ಎ.ಪಿ.ಎಲ್.ನವ ಬಿ.ಪಿ.ಎಲ್. ಆಗಿರುತ್ತಾನೆ!

ಹಣವಿಲ್ಲವೆಂದು ಯಾರಿಗೂ ಚಿಕಿತ್ಸೆ ತಪ್ಪಬಾರದೆಂದು ಭೋರ್ ಸಮಿತಿ 1946ರಲ್ಲೇ ಹೇಳಿತ್ತು. ಇದೇ ತತ್ವವನ್ನು ಬ್ರಿಟನ್ 1948ರಲ್ಲಿ ಕೃತಿಗಿಳಿಸಿತು. ನಾವಿನ್ನೂ ಕಾರ್ಡು ವಿಂಗಡಿಸುತ್ತಿದ್ದೇವೆ.

ಇನ್ನೊಂದು ಮಾತು. ಈ ಕಾರ್ಡುಗಳ ಬಲ ಹೆಚ್ಚಾಗಿ ಹಾಸಿಗೆ ಹಿಡಿದ ಮೇಲೆ. ಸಕ್ಕರೆ ರೋಗಕ್ಕೆ, ರಕ್ತದೊತ್ತಡಕ್ಕೆ ಬೇಕಾದದ್ದು ತಿಂಗಳು ತಿಂಗಳೂ ಗುಳಿಗೆ. ಗುಳಿಗೆ ತಪ್ಪಿದರೆ ನಾಳೆ ದೊಡ್ಡಾಸ್ಪತ್ರೆ ತಪ್ಪದು. ಆದ್ದರಿಂದ ತಾಲೂಕು ದವಾಖಾನೆಯಲ್ಲಿ ಡಾಕ್ಟರು, ಪರೀಕ್ಷೆ, ಔಷಧ ಮೂರೂ ಎಲ್ಲರಿಗೂ ಉಚಿತವಾಗಿ ಸಿಗಬೇಕು. ಇದು ನಮ್ಮ ಮೊದಲ ಬೇಡಿಕೆ.

ಗಿರಣಿಯವರೇ, ಅಂಗಡಿಯವರೇ, ಒಬ್ಬರ ಕಾರ್ಡು ನೋಡಿ ಇನ್ನೊಬ್ಬರು ಕರುಬುವುದು ಬೇಡ. ಕಡ್ಡಿಪೆಟ್ಟಿಗೆ ಕೊಂಡರೂ ತೆರಿಗೆ ಎಲ್ಲರೂ ತೆರುತ್ತೇವೆ. ದವಾಖಾನೆಯ ಬಾಗಿಲೂ ಎಲ್ಲರಿಗೂ ತೆರೆಯಲಿ ಎಂದು ಕೂಡಿ ಕೇಳೋಣ.