ಹಿಮದ ಕಾಲದಲ್ಲಿ ನಮ್ಮ ಘಟ್ಟ



ನಾವು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಜನ. ಮಳೆ ಇದ್ದರೆ ನಮಗೆ ಗದ್ದೆ. ಮಳೆ ಇದ್ದರೆ ತೋಟ. ಈ ಮಳೆ ಯಾವಾಗಲೂ ಹೀಗೇ ಇತ್ತಾ? ಇಲ್ಲ.

ಸುಮಾರು 20,000 ವರ್ಷಗಳ ಹಿಂದೆ ಭೂಮಿ ಬಹಳ ತಣ್ಣಗಿತ್ತು. ಅದು ಹಿಮಯುಗ. ಉತ್ತರದ ದೇಶಗಳ ಮೇಲೆ ಕಿಲೋಮೀಟರುಗಟ್ಟಲೆ ದಪ್ಪದ ಮಂಜುಗಡ್ಡೆ ಕೂತಿತ್ತು. ಹಿಮಾಲಯದ ಹಿಮನದಿಗಳೂ ಈಗಿನದಕ್ಕಿಂತ ದೊಡ್ಡವು. ಹಿಮನದಿ ಅಂದರೆ ನಿಧಾನವಾಗಿ ಕೆಳಗೆ ಜಾರುವ ಮಂಜುಗಡ್ಡೆಯ ರಾಶಿ. ಇಷ್ಟು ನೀರು ನೆಲದ ಮೇಲೆ ಗಡ್ಡೆಯಾಗಿ ನಿಂತಿತು. ಆಗ ಸಮುದ್ರ ಸುಮಾರು 120 ಮೀಟರ್ ಇಳಿದಿತ್ತು.

ನಮ್ಮ ಘಟ್ಟಕ್ಕೆ ಆ ಗಡ್ಡೆ ಬಂತಾ? ಬರಲಿಲ್ಲ. ಚಳಿ ಮಾತ್ರ ಬಂತು. ಸಮುದ್ರ ತಣ್ಣಗಾದರೆ ಆವಿ ಕಡಿಮೆ ಏಳುತ್ತೆ. ಮುಂಗಾರು ಸೊರಗಿತು.

ಇದು ಹೇಗೆ ಗೊತ್ತಾಯಿತು? ನೀಲಗಿರಿಯ ಜೌಗು ನೆಲದಲ್ಲಿ ಹಳೇ ಗಿಡ, ಹುಲ್ಲು ಪದರ ಪದರವಾಗಿ ಕೂತಿದೆ. ವಿಜ್ಞಾನಿಗಳು ಅದನ್ನು ತೆಗೆದು ನೋಡಿದರು. ಹಿಮಯುಗದ ಪದರದಲ್ಲಿ ಒಣ ಹವೆಯ ಹುಲ್ಲಿನ ಗುರುತು ಹೆಚ್ಚು. ಆಮೇಲೆ ಮಳೆ ಬಲವಾಯಿತು. ಕಾಡಿನ ಗುರುತು ಹೆಚ್ಚಿತು.

ಆ ಬದಲಾವಣೆಗೆ ಸಾವಿರಾರು ವರ್ಷ ಹಿಡಿಯಿತು. ಈಗ ಕಲ್ಲಿದ್ದಲು, ಎಣ್ಣೆ ಸುಟ್ಟು ನಾವು 150 ವರ್ಷಗಳಲ್ಲೇ ಭೂಮಿಯನ್ನು 1 ಡಿಗ್ರಿಗೂ ಹೆಚ್ಚು ಬಿಸಿ ಮಾಡಿದ್ದೇವೆ. ಕಾಡಿಗೆ ಹೊಂದಿಕೊಳ್ಳಲು ಸಮಯ ಎಲ್ಲಿದೆ?

ತುಂಗೆ, ಭದ್ರೆ ಹುಟ್ಟುವ ಗಂಗಾಮೂಲದ ಸುತ್ತ ಗುಡ್ಡದ ಮೇಲೆ ಹುಲ್ಲು, ಕಣಿವೆಯಲ್ಲಿ ಶೋಲೆ ಕಾಡು. ಮಳೆನೀರನ್ನು ಹಿಡಿದು ಬೇಸಿಗೆಗೂ ಹರಿಸುವುದು ಇವೇ. ಬೆಂಕಿ ಬೀಳದಂತೆ, ಕೊಡಲಿ ತಾಗದಂತೆ ಇವನ್ನು ಕಾಯೋಣ. ಇದು ನಮ್ಮ ಕೈಯಲ್ಲಿದೆ.