ಬಿಸಿಲ್ಗುದುರೆಯ ಆಚೆಗಿನ ಗುರಿ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



‘ನೀನು ಬಿಇ ಓದಿದವನು, ವಿಜ್ಞಾನದ ವಿಷಯ ಏನಾದರೂ ಹೇಳಪ್ಪ’ ಎಂದು ಸಮಿತಿಯ ಹಿರಿಯರು ಅಪ್ಪಣೆ ಮಾಡಿದ್ದಾರೆ. ಕಂಪ್ಯೂಟರ್ ಬಗ್ಗೆ ಮಾತಾಡಿದರೆ ಹಿರಿಯರಿಗೆ ಬೇಸರ; ಮಕ್ಕಳಿಗೋ ಅದು ನನಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ನಮ್ಮ ಕೊಡಗಿನವರಿಗೆ ಹತ್ತಿರವಾದ ವಸ್ತುವನ್ನೇ ಆರಿಸಿಕೊಂಡಿದ್ದೇನೆ: ಕೋವಿ. ಕೈಲ್‌ಪೋಳ್ದ್ ಹಬ್ಬದಲ್ಲಿ ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡಿ ಬೆಳೆದವರು ನಾವು. ಅಲ್ಲಿ ಬರಿಗಣ್ಣೇ ಸಾಕು. ನಾನು ಕೆಲಸ ಮಾಡುವ ಬೆಂಗಳೂರಿನ ಹೊರವಲಯದಲ್ಲಿ ಒಂದು ಶೂಟಿಂಗ್ ರೇಂಜ್ ಇದೆ. ಬಿಡುವಿನ ಭಾನುವಾರ ಅಲ್ಲಿಗೆ ಹೋಗುತ್ತೇನೆ. ಅಲ್ಲಿ ರೈಫಲ್ ಮೇಲೆ ದುರ್ಬೀನು, ಅಂದರೆ ಸ್ಕೋಪ್ ಕೂಡಿಸಿಕೊಂಡು ಅಭ್ಯಾಸ ಮಾಡುವವರು ಹಲವರಿದ್ದಾರೆ. ಅವರಿಗೆ ಎರಡು ಕಾಟ: ಒಂದು, ಕಣ್ಣು ಕೋರೈಸುವ ಬೆಳಕು, ಇನ್ನೊಂದು, ಬಿಸಿಲ್ಗುದುರೆ.

ಮೊದಲು ಬೆಳಕಿನ ವಿಷಯ. ಸೂರ್ಯ ಎದುರಿಗೆ ಸ್ವಲ್ಪ ಓರೆಯಾಗಿದ್ದಾಗ ದುರ್ಬೀನಿನ ಮುಂದಿನ ಮಸೂರಕ್ಕೆ ಬಿಸಿಲು ಬೀಳುತ್ತದೆ. ಆ ಬೆಳಕು ಗುರಿಯಿಂದ ಬಂದದ್ದಲ್ಲ, ಆದರೂ ಒಳಗೆ ನುಗ್ಗಿ ಚದುರುತ್ತದೆ. ಗುರಿಯ ಕಪ್ಪು ಬೂದಿಯಾಗುತ್ತದೆ, ಬಿಳಿಯ ಮೇಲೆ ಮಂಜು ಕವಿದಂತಾಗುತ್ತದೆ. ಗಾಜೂ ಇದಕ್ಕೆ ಸ್ವಲ್ಪ ಕಾರಣ. ಲೇಪನವಿಲ್ಲದ ಗಾಜಿನ ಒಂದೊಂದು ಮೈಯೂ ಬಿದ್ದ ಬೆಳಕಿನ ಸುಮಾರು ಶೇ. 4ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ದುರ್ಬೀನಿನೊಳಗೆ ಇಂಥ 10 ಮೈಗಳಿದ್ದರೆ ಕಣ್ಣಿಗೆ ತಲುಪುವುದು ಸುಮಾರು ಶೇ. 66 ಮಾತ್ರ, ಉಳಿದದ್ದರಲ್ಲಿ ಒಂದಷ್ಟು ಒಳಗೇ ಅಲೆದಾಡಿ ಚಿತ್ರವನ್ನು ಮಬ್ಬಾಗಿಸುತ್ತದೆ. 1935ರಲ್ಲಿ ಜರ್ಮನಿಯ ಜೈಸ್ ಕಂಪನಿಯಲ್ಲಿದ್ದ ಅಲೆಕ್ಸಾಂಡರ್ ಸ್ಮಾಕುಲಾ ಎಂಬ ವಿಜ್ಞಾನಿ ಪ್ರತಿಫಲನ ತಗ್ಗಿಸುವ ತೆಳು ಲೇಪನವನ್ನು ರೂಪಿಸಿದರು. ಒಂದು ಮೈಯ ನಷ್ಟ ಶೇ. ಅರ್ಧಕ್ಕೆ ಇಳಿದರೆ ಅದೇ 10 ಮೈಗಳಿಂದ ಶೇ. 95 ಬೆಳಕು ದಾಟುತ್ತದೆ. ನಿಮ್ಮ ಕನ್ನಡಕದಲ್ಲಿ ಕಾಣುವ ಹಸಿರು, ನೇರಳೆ ಛಾಯೆ ಇದೇ ಬಗೆಯ ಲೇಪನದ್ದು.

ಲೇಪನ ಎಷ್ಟೇ ಚೆನ್ನಾಗಿದ್ದರೂ ನೇರ ಬಿಸಿಲನ್ನು ತಡೆಯಲಾರದು. ಅದಕ್ಕೆ ಉಪಾಯ ಬಲು ಸರಳ: ಮಸೂರದ ಮುಂದೆ ಒಂದು ಕಪ್ಪು ಕೊಳವೆ. ಎಷ್ಟು ಉದ್ದ ಬೇಕು? ಹತ್ತನೆಯ ತರಗತಿಯ ಮಕ್ಕಳು ಹೇಳಬಲ್ಲಿರಿ. ಮಸೂರ 50 ಮಿ.ಮೀ. ಅಗಲ, ಕೊಳವೆ 100 ಮಿ.ಮೀ. ಉದ್ದ ಎಂದುಕೊಳ್ಳಿ. ಟ್ಯಾನ್ ಬೆಲೆ 0.5, ಕೋನ ಸುಮಾರು 26.5 ಡಿಗ್ರಿ. ಸೂರ್ಯ ದುರ್ಬೀನಿನ ನೇರದಿಂದ ಅದಕ್ಕಿಂತ ಹೆಚ್ಚು ಓರೆಯಲ್ಲಿದ್ದರೆ ಬಿಸಿಲು ಮಸೂರಕ್ಕೆ ನೇರವಾಗಿ ತಾಗುವುದೇ ಇಲ್ಲ. ಕೊಳವೆಯನ್ನು 150 ಮಿ.ಮೀ. ಮಾಡಿದರೆ ಈ ಕೋನ ಸುಮಾರು 18 ಡಿಗ್ರಿಗೆ ಇಳಿಯುತ್ತದೆ. ‘ಸರ್, ಈ ತ್ರಿಕೋನಮಿತಿ ಯಾವ ಕೆಲಸಕ್ಕೆ ಬರುತ್ತದೆ?’ ಎಂದು ನಮ್ಮ ಬೆಂಚಿನಲ್ಲಿ ಕೇಳುತ್ತಿದ್ದೆವಲ್ಲ, ಇಗೋ ಈ ಕೆಲಸಕ್ಕೆ. ಉದ್ದ ಕೊಳವೆ ಬೇಡವೆನ್ನುವವರು ಜೇನುಗೂಡಿನಂಥ ಜಾಲರಿ ಹಾಕುತ್ತಾರೆ. ಅದರ ಕಣ್ಣು 3 ಮಿ.ಮೀ. ಅಗಲ, 6 ಮಿ.ಮೀ. ಆಳವಿದ್ದರೆ ಲೆಕ್ಕ ಅದೇ, ಕೋನವೂ ಅದೇ. ಆದರೆ ಬೆಳಕೂ ಸ್ಪಷ್ಟತೆಯೂ ತುಸು ಕಡಿಮೆಯಾಗುತ್ತವೆ.

ಕೊಳವೆಯ ಒಳಮೈ ಹೊಳೆಯದ ಕಪ್ಪಾಗಿರಬೇಕು. ಬೆನ್ನ ಹಿಂದಿನ ಬಿಸಿಲು ಕಣ್ಣಿನ ಕಡೆಯ ಗಾಜಿಗೆ ಬೀಳದಂತೆ ಅಂಚುಳ್ಳ ಟೋಪಿ ಇರಬೇಕು. ಮಸೂರದ ಮೇಲಿನ ಧೂಳು, ಬೆರಳಚ್ಚು ಕೂಡ ಬೆಳಕನ್ನು ಚದುರಿಸುತ್ತವೆ. ಅದನ್ನು ಪಂಚೆಯ ಚುಂಗಿನಿಂದ ಒರೆಸಿದರೆ ಧೂಳಿನ ಕಣವೇ ಗಾಜನ್ನು ಗೀರುತ್ತದೆ. ಮೊದಲು ಗಾಳಿ ಊದಿ, ಮೃದು ಕುಂಚದಿಂದ ಕೊಡವಿ, ಆಮೇಲೆ ಮಸೂರದ ಕಾಗದದಿಂದ ಒರೆಸಬೇಕು.

ಇನ್ನು ಬಿಸಿಲ್ಗುದುರೆ. ಸಂಸ್ಕೃತದಲ್ಲಿ ಮರೀಚಿಕೆ, ಮೃಗಜಲ ಎನ್ನುತ್ತಾರೆ. ನಮ್ಮ ಹಿರಿಯರು ಕುದುರೆ ಎಂದರು. ಬಿಸಿಲಿನಲ್ಲಿ ನೆಲದ ಮೇಲೆ ಓಡುವ ಆ ಅಲೆಯನ್ನು ನೋಡಿದವರಿಗೆ ಈ ಹೆಸರು ಎಷ್ಟು ಸರಿ ಎಂದು ಗೊತ್ತು. 1798ರಲ್ಲಿ ನೆಪೋಲಿಯನ್ ಸೈನ್ಯದ ಜೊತೆ ಈಜಿಪ್ಟಿಗೆ ಹೋಗಿದ್ದ ಗಣಿತಜ್ಞ ಗಾಸ್ಪಾರ್ ಮೊಂಜ್ ಮರುಭೂಮಿಯ ಮರೀಚಿಕೆಗೆ ವಿವರಣೆ ಕೊಟ್ಟರು: ಕಾದ ನೆಲದ ಹತ್ತಿರದ ಗಾಳಿ ತೆಳುವಾಗುತ್ತದೆ, ಅದರಲ್ಲಿ ಸಾಗುವ ಬೆಳಕು ಬಾಗುತ್ತದೆ.

ಎಷ್ಟು ಬಾಗುತ್ತದೆ? ಗಾಳಿಯ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಬದಲಾದರೆ ಅದರ ವಕ್ರೀಭವನ ಸೂಚ್ಯಂಕ ಬದಲಾಗುವುದು ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲು. ಇದೇನು ಮಹಾ ಅನ್ನಿಸಬಹುದು. ಆದರೆ ಮೇಲಕ್ಕೆ ಹೋದಂತೆ ಮೀಟರಿಗೆ 1 ಡಿಗ್ರಿಯಂತೆ ತಣ್ಣಗಾಗುವ ಗಾಳಿಯಲ್ಲಿ ಬೆಳಕು 50 ಮೀಟರ್ ಸಾಗಿದರೆ ನೇರದಿಂದ ಸುಮಾರು 1 ಮಿ.ಮೀ. ಸರಿಯುತ್ತದೆ, 300 ಮೀಟರ್ ಸಾಗಿದರೆ ಸುಮಾರು 4 ಸೆಂ.ಮೀ.! ದೂರ ಆರು ಪಟ್ಟಾದರೆ ಬಾಗು ಮೂವತ್ತಾರು ಪಟ್ಟು. 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ಅಗಲ ಕೇವಲ 10.4 ಮಿ.ಮೀ. ಎಂದರೆ ಒಂದು ಮಿಲಿಮೀಟರಿನ ಬೆಲೆ ನಿಮಗೆ ಅರ್ಥವಾದೀತು. ಬಾಗು ಒಂದೇ ಸಮ ಇದ್ದರೆ ದುರ್ಬೀನಿನ ತಿರುಪು ತಿರುಗಿಸಿ ಸರಿಮಾಡಬಹುದು. ಮೋಡ ಬಂದು ಹೋದಂತೆ, ಗಾಳಿ ಎದ್ದು ಇಳಿದಂತೆ ಅದು ಬದಲಾಗುತ್ತಲೇ ಇರುವುದೇ ಕಷ್ಟ.

ರೇಂಜಿನಲ್ಲಿ ಕುದುರೆಗಳು ಎರಡು. ಒಂದು ನಮ್ಮ ಕೋವಿಯದೇ. ಬೇಗ ಬೇಗ ಗುಂಡು ಹಾರಿಸಿದರೆ ನಳಿಗೆ ಕಾಯುತ್ತದೆ. ಅದರ ಬಿಸಿಗಾಳಿ ಮಸೂರದ ಮುಂದೆಯೇ ಏಳುತ್ತದೆ. ಇದನ್ನು ಕಟ್ಟಿಹಾಕಬಹುದು. ನಳಿಗೆಯ ಉದ್ದಕ್ಕೂ ಮೇಲೊಂದು ಅಗಲ ಪಟ್ಟಿ ಎಳೆದು ಕಟ್ಟಿದರೆ ಬಿಸಿಗಾಳಿ ಪಕ್ಕಕ್ಕೆ ಸರಿದು ಹೋಗುತ್ತದೆ. ಮೊದಲು ಹೇಳಿದ ಕೊಳವೆ ಇಲ್ಲಿಯೂ ಉಪಕಾರಿ. ಎಲ್ಲಕ್ಕಿಂತ ದೊಡ್ಡ ಮದ್ದು, ನಳಿಗೆ ಆರುವವರೆಗೆ ಕಾಯುವುದು.

ಇನ್ನೊಂದು ನೆಲದ ಕುದುರೆ. ಅದನ್ನು ಯಾರೂ ಕಟ್ಟಲಾರರು, ಹೊಂದಿಕೊಳ್ಳಬೇಕು ಅಷ್ಟೆ. ಬೆಳಗಿನ ಹೊತ್ತೇ ಅಭ್ಯಾಸ ಮುಗಿಸಬೇಕು. ಕಾಂಕ್ರೀಟಿಗಿಂತ ಹಸಿರು ಹುಲ್ಲಿನ ನೆಲ ಕಡಿಮೆ ಕಾಯುತ್ತದೆ. ದುರ್ಬೀನಿನ ವರ್ಧನೆಯನ್ನು 24 ಪಟ್ಟಿನಿಂದ 12ಕ್ಕೆ ಇಳಿಸಿದರೆ ಗುರಿ ಚಿಕ್ಕದಾದರೂ ಕುಣಿತವೂ ಚಿಕ್ಕದಾಗುತ್ತದೆ. ಜಾಸ್ತಿ ವರ್ಧನೆಗೆ ಜಾಸ್ತಿ ದುಡ್ಡು ಕೊಟ್ಟವರಿಗೆ ಈ ಮಾತು ರುಚಿಸುವುದಿಲ್ಲ, ಆದರೆ ಸತ್ಯ.

ಪಳಗಿದವರು ಈ ಕುದುರೆಯಿಂದಲೇ ಕೆಲಸ ತೆಗೆಯುತ್ತಾರೆ. ಪಕ್ಕದ ನೋಟದ ದುರ್ಬೀನನ್ನು ಗುರಿಗಿಂತ ಸ್ವಲ್ಪ ಈಚೆಗೆ ಫೋಕಸ್ ಮಾಡಿದರೆ ಗಾಳಿಯ ಅಲೆ ತೊರೆಯಂತೆ ಕಾಣುತ್ತದೆ. ಅಲೆ ನೇರ ಮೇಲಕ್ಕೆ ಕುದಿಯುತ್ತಿದ್ದರೆ ಅಡ್ಡಗಾಳಿ ಇಲ್ಲ. ಒಂದು ಪಕ್ಕಕ್ಕೆ ವಾಲಿದರೆ ಮೆಲುಗಾಳಿ. ಚಪ್ಪಟೆಯಾಗಿ ಹರಿದರೆ ಗಾಳಿ ಜೋರು. ಕಾಟ ಕೊಡುವುದೇ ಗಾಳಿಯ ದಿಕ್ಕನ್ನೂ ಹೇಳುತ್ತದೆ.

ಇದನ್ನೆಲ್ಲ ಈ ಊರಿನಲ್ಲಿ ನಿಂತು ಏಕೆ ಹೇಳುತ್ತಿದ್ದೇನೆ? ರೇಂಜಿನಲ್ಲಿ ನೋಟ ತಪ್ಪಿದರೆ ಹೋಗುವುದು ಒಂದು ಅಂಕ. ತೋಟದಲ್ಲಿ ತಪ್ಪಿದರೆ ಹೋಗುವುದು ಒಂದು ಜೀವ. ಹಂದಿಯೆಂದು ಹಾರಿಸಿದ ಗುಂಡು ಮನುಷ್ಯನಿಗೆ ತಗುಲಿದ ಸುದ್ದಿಯನ್ನು ನಾವೆಲ್ಲ ಪತ್ರಿಕೆಯಲ್ಲಿ ಓದಿದ್ದೇವೆ. ಇಳಿಬಿಸಿಲು, ಟಾರ್ಚಿನ ಬೆಳಕು, ಮಂಜು, ಇವೆಲ್ಲ ಕಣ್ಣಿಗೆ ಸುಳ್ಳು ಹೇಳುತ್ತವೆ. ಕಣ್ಣು ಅರೆಬರೆ ಕಂಡದ್ದನ್ನು ಮನಸ್ಸು ತನಗೆ ಬೇಕಾದಂತೆ ತುಂಬಿಕೊಳ್ಳುತ್ತದೆ. ರೇಂಜಿನಲ್ಲಿ ನಮಗೆ ಕಲಿಸುವ ಪಾಠ ಇಷ್ಟೇ: ಗುರಿ ಏನೆಂದು ಖಚಿತವಿಲ್ಲದಿದ್ದರೆ, ಅದರ ಹಿಂದೆ ಏನಿದೆಯೆಂದು ತಿಳಿಯದಿದ್ದರೆ, ಬೆರಳು ಟ್ರಿಗರಿನ ಹೊರಗೇ ಇರಲಿ. ಕೋವಿಯ ಮೇಲಿನ ದುರ್ಬೀನಿನಿಂದ ಯಾರು ಬಂದರೆಂದು ನೋಡಬೇಡಿ. ನೀವು ನೋಡಿದ ಕಡೆಗೆ ನಳಿಗೆಯೂ ತಿರುಗಿರುತ್ತದೆ. ಯಾವ ದುರ್ಬೀನಿನಿಂದಲೂ ಸೂರ್ಯನನ್ನು ನೋಡಬೇಡಿ, ಕಣ್ಣೇ ಹೋದೀತು. ಹಳೆಯ ಕೋವಿಗಳಲ್ಲಿ ಮದ್ದಿಗೆ ಹೊಡೆಯುವ ಭಾಗಕ್ಕೂ ಕುದುರೆ ಎಂದೇ ಹೆಸರು. ಬಿಸಿಲಿನ ಕುದುರೆ ನಮ್ಮ ಮಾತು ಕೇಳುವುದಿಲ್ಲ. ಕೋವಿಯ ಕುದುರೆಯ ಲಗಾಮು ಮಾತ್ರ ನಮ್ಮ ಕೈಯಲ್ಲಿದೆ.

ಕೊನೆಯದಾಗಿ ಒಂದು ವಿನಂತಿ. ಹಳೆಯ ವಿದ್ಯಾರ್ಥಿಗಳ ನಿಧಿಯಿಂದ ಶಾಲೆಯ ಪ್ರಯೋಗಾಲಯಕ್ಕೆ ಒಂದು ಒಳ್ಳೆಯ ದುರ್ಬೀನು, ಅದಕ್ಕೊಂದು ಮುಕ್ಕಾಲಿ ಕೊಡಿಸೋಣ. ನನ್ನ ಪಾಲನ್ನು ಇಂದೇ ಕೊಡುತ್ತೇನೆ. ಮಕ್ಕಳು ಕಪ್ಪು ಕಾಗದದ ಕೊಳವೆ ಸುತ್ತಿ ಅಳತೆ ನೋಡಲಿ, ಮಾರ್ಚ್ ತಿಂಗಳ ಮಧ್ಯಾಹ್ನ ಆಟದ ಬಯಲಿನ ಬಿಸಿಲ್ಗುದುರೆ ಯಾವ ಕಡೆಗೆ ಓಡುತ್ತದೆಂದು ಬರೆದಿಡಲಿ. ಕಂಡದ್ದಕ್ಕೂ ಇರುವುದಕ್ಕೂ ವ್ಯತ್ಯಾಸ ಇರಬಹುದೆಂದು ಹದಿನೈದನೆಯ ವಯಸ್ಸಿನಲ್ಲೇ ತಿಳಿದ ಮಗು ಮುಂದೆ ಎಂಜಿನಿಯರ್ ಆಗಲಿ, ತೋಟ ಮಾಡಲಿ, ಆತುರಪಡುವುದಿಲ್ಲ.